ವೈರಸ್ ಹೋದ ಮ್ಯಾಲೂ ನರಕೋಶ ಸಾಯೋದ್ಯಾಕ? (ಮೆದುಳು ಜ್ವರ, ಅಕ್ಕನ ಮಗನ ವಿಚಾರ)

ಎಡದಂಡೆ_ಕಾಲುವೆ

ಎಲ್ಲರಿಗೂ ನಮಸ್ಕಾರ್ರೀ. ನಾ ಓದಿದ್ದು ಬಿ.ಕಾಂ, ಗಂಗಾವತಿ ಕಡೆ ಗೊಬ್ಬರ-ಔಷಧದ ಅಂಗಡಿ ಐತಿ. ವಿಜ್ಞಾನ ಎಸ್ಸೆಸ್ಸೆಲ್ಸಿಗೇ ಮುಗೀತು, ತಪ್ಪಿದ್ರ ತಿದ್ರಿ.

ನಮ್ಮ ಅಕ್ಕನ ಮಗ, 11 ವರ್ಷ. ಭತ್ತ ತೆನಿ ಬಿಡೋ ಟೈಮಿಗೆ ಜ್ವರ ಬಂತು. ಸಾದಾ ಜ್ವರ ಅಂತ ಗುಳಿಗಿ ಕೊಟ್ವಿ. ಮೂರನೇ ದಿನ ಫಿಟ್ಸ್ ಬಂದು ಎಚ್ಚರ ತಪ್ಪಿತು. ದೊಡ್ಡಾಸ್ಪತ್ರಿಗೆ ಒಯ್ದ್ವಿ, ಬೆನ್ನಾಗಿನ ನೀರು ತಗದು ಟೆಸ್ಟ್ ಮಾಡಿ ಜೆಇ ಅಂದ್ರು, ಅಂದ್ರ ಜಪಾನೀಸ್ ಎನ್ಸೆಫಲೈಟಿಸ್. 16 ದಿನ ಐಸಿಯು. ದೇವರ ದಯಾ, ಜೀವ ಉಳೀತು. ಈಗ ಮನಿಗೆ ಬಂದು ಐದು ವಾರ. ಕೈ ನಡಗತಾವ, ನಡಿಗಿ ನಿಧಾನ, ಮುಖದ ಮ್ಯಾಲ ನಗುನೂ ಇಲ್ಲ ಅಳುನೂ ಇಲ್ಲ, ಗೊಂಬಿ ಮುಖ ಇದ್ದಂಗ.

ಡಿಸ್ಚಾರ್ಜ್ ದಿನ ಡಾಕ್ಟ್ರನ್ನ ಕೇಳಿದ್ರ, "ವೈರಸ್ ಹೋಗೈತಿ. ಹಾನಿ ಮಾಡಿದ್ರಾಗ ಅರ್ಧ ಅವನ ರಕ್ಷಣಾ ಕೋಶಗಳದ್ದೇ" ಅಂದು ಮುಂದಿನ ಬೆಡ್ಡಿಗೆ ಹೋಗಿಬಿಟ್ರು. ಅವತ್ತಿಂದ ಇದು ತಲ್ಯಾಗ ಕೊರಿಯಾಕ ಹತ್ತೈತಿ. ನಮ್ಮದೇ ಕೋಶ ನಮ್ಮ ಮಿದುಳನ್ನ ಹೆಂಗ ಕೊಲ್ತಾವ? ಕೊಲ್ತಾವ ಅಂತ ಗೊತ್ತಿದ್ರ ಯಾಕ ತಡೀಲಿಲ್ಲ? ಈಗಲೂ ಕೊಲ್ಲಾಕ ಹತ್ಯಾವೇನು?

ಬೇಲಿನ ಎದ್ದು ಹೊಲ ಮೇಯ್ತು ಅಂತಾರಲ್ಲ, ಹಂಗೇನು ಇದು?

ಸುಮ್ನೆ_ಓದೋನು

ಹುಡುಗ ಬೇಗ ಹುಷಾರಾಗ್ಲಿ ಅಣ್ಣ. ನಂಗೇನೂ ಗೊತ್ತಿಲ್ಲ, ಗೊತ್ತಿರೋರು ಬರ್ಲಿ ಅಂತ ಒಂದು ಕಾಮೆಂಟ್.

ಲ್ಯಾಬಿಲಿ

ನಾನು ಇದೇ ವಿಷಯದ ಅಕ್ಕಪಕ್ಕದಲ್ಲಿ ಪಿಎಚ್‌ಡಿ ಮಾಡ್ತಿರೋಳು (ಡಾಕ್ಟರ್ ಅಲ್ಲ, ಇಲಿ ನೋಡ್ಕೊಳೋಳು). ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಮಿದುಳಲ್ಲಿ ನರಕೋಶ ಒಂದೇ ಇರಲ್ಲ. ಮೈಕ್ರೋಗ್ಲಿಯಾ ಅಂತ ಇನ್ನೊಂದು ಜಾತಿ ಇದೆ, ಒಟ್ಟು ಕೋಶಗಳಲ್ಲಿ ಹತ್ತರಲ್ಲಿ ಒಂದು ಅಂದ್ಕೊಳ್ಳಿ. ಇವೇ ಅಲ್ಲಿನ ಕಾವಲು. ತಾಯಿ ಹೊಟ್ಟೇಲಿ ಭ್ರೂಣ ಇನ್ನೂ ಚಿಕ್ಕದಿರುವಾಗಲೇ ಅಂಡಪೀತ ಚೀಲದಿಂದ ಹೊರಟು ಮಿದುಳಿಗೆ ಬಂದು ಸೇರ್ಕೊಂಡು ಜೀವನಪೂರ್ತಿ ಅಲ್ಲೇ ಇರ್ತವೆ. ಸುಮ್ನೆ ಕೂತಿರಲ್ಲ. ಜೀವಂತ ಇಲಿಯ ಮಿದುಳಲ್ಲಿ ನೋಡಿದ್ರೆ ಅವುಗಳ ಸಣ್ಣ ಕೈಗಳು ಪ್ರತಿ ನಿಮಿಷ ಸುತ್ತಮುತ್ತ ತಡಕಾಡ್ತಾ ಇರ್ತವೆ. ಇದನ್ನು 2005ರಲ್ಲಿ ಮೊದಲು ಕಂಡಾಗ ಎಲ್ರೂ ಬೆರಗಾದ್ರು, ಅಲ್ಲಿವರೆಗೂ ಇವನ್ನು "ವಿಶ್ರಾಂತಿಯಲ್ಲಿರುವ ಕೋಶ" ಅಂತ ಬರೀತಿದ್ರು!

ಜೆಇ ವೈರಸ್ ನರಕೋಶದೊಳಗೆ ಹೊಕ್ಕು ತನ್ನ ಆರ್‌ಎನ್‌ಎ ನಕಲು ಮಾಡೋಕೆ ಶುರು ಮಾಡುತ್ತೆ. ಇದು ನಮ್ಮ ಆರ್‌ಎನ್‌ಎ ಅಲ್ಲ ಅಂತ ಮೊದಲು ಹಿಡಿಯೋದು ರಿಗ್-ಒನ್ ಅನ್ನೋ ಪ್ರೋಟೀನು. ಅಲ್ಲಿಂದ ಸುದ್ದಿ ಕೈಯಿಂದ ಕೈಗೆ ದಾಟಿ ಇಂಟರ್‌ಫೆರಾನ್ ತಯಾರಾಗುತ್ತೆ. ಅದು ಅಕ್ಕಪಕ್ಕದ ಕೋಶಗಳಿಗೆ "ಬಾಗಿಲು ಹಾಕ್ಕೊಳ್ಳಿ" ಅಂತ ಡಂಗುರ ಹೊಡೆದಂಗೆ. ಇಲ್ಲಿವರೆಗೂ ಎಲ್ಲ ಸರಿ.

ಈ ಗದ್ದಲ ಮೈಕ್ರೋಗ್ಲಿಯಾಗೂ ಮುಟ್ಟುತ್ತೆ. ಅದರೊಳಗೆ ಎನ್‌ಎಫ್-ಕಪ್ಪಾ-ಬಿ ಅನ್ನೋ ಪ್ರೋಟೀನು ಗೂಟಕ್ಕೆ ಕಟ್ಟಿದ ಹೋರಿ ಥರ ಇರುತ್ತೆ. ಹಗ್ಗದ ಹೆಸರು ಐ-ಕಪ್ಪಾ-ಬಿ. ಸಂಕೇತ ಬಂದ ಕೂಡಲೇ ಹಗ್ಗಕ್ಕೆ ಫಾಸ್ಫೇಟ್ ಅಂಟುತ್ತೆ, ಹಗ್ಗ ಚೂರಾಗುತ್ತೆ, ಹೋರಿ ನೇರ ಕೋಶಕೇಂದ್ರಕ್ಕೆ ನುಗ್ಗುತ್ತೆ. ಅಲ್ಲಿ ಒಂದೇ ಸಲ ಎಷ್ಟೋ ಜೀನ್‌ಗಳನ್ನು ಎಬ್ಬಿಸುತ್ತೆ: ಉರಿಯೂತ ಎಬ್ಬಿಸೋ ಸಂಕೇತ ಪ್ರೋಟೀನುಗಳಾದ ಟಿಎನ್‌ಎಫ್, ಐಎಲ್-6, ಐಎಲ್-1 ಬೀಟಾ, ರಕ್ತದಿಂದ ಬೇರೆ ಕೋಶಗಳನ್ನು ಕರೆಸೋ ಸಿಸಿಎಲ್-2. ಮೇಲಿಂದ ನೈಟ್ರಿಕ್ ಆಕ್ಸೈಡ್.

ಇವು ವೈರಸ್ ಮೇಲೆ ಬಿಟ್ಟ ಬಾಣಗಳೇ. ಆದ್ರೆ ಬಾಣಕ್ಕೆ ಕಣ್ಣಿಲ್ಲ.

ಎಡದಂಡೆ_ಕಾಲುವೆ

ತಂಗಿ, ಹೋರಿ ತನಕ ತಿಳೀತು. ಆದ್ರ ಟಿಎನ್‌ಎಫ್ ನರಕೋಶನ ಮುಟ್ಟಿದ್ರ ಅದು ಯಾಕ ಸಾಯತೈತಿ? ವಿಷ ಐತೇನು ಅದ್ರಾಗ?

ಲ್ಯಾಬಿಲಿ

ಒಳ್ಳೇ ಪ್ರಶ್ನೆ ಅಣ್ಣ. ವಿಷ ಅಲ್ಲ, ಆದೇಶ. ನರಕೋಶದ ಮೈಮೇಲೆ ಟಿಎನ್‌ಎಫ್ ಗ್ರಾಹಕ (ರಿಸೆಪ್ಟರ್, ಅಂದ್ರೆ ಸಂಕೇತ ಹಿಡಿಯೋ ಪ್ರೋಟೀನು) ಇದೆ. ಟಿಎನ್‌ಎಫ್ ಅದರ ಮೇಲೆ ಕೂತ್ಕೊಂಡ್ರೆ ಒಳಗೆ ಟ್ರ್ಯಾಡ್ ಅನ್ನೋ ಪ್ರೋಟೀನು ಬಂದು ಅಂಟುತ್ತೆ. ಅಲ್ಲಿಂದ ಎರಡು ದಾರಿ: ಒಂದು ಬದುಕು ಅನ್ನುತ್ತೆ, ಇನ್ನೊಂದು ಕ್ಯಾಸ್ಪೇಸ್-8, ಕ್ಯಾಸ್ಪೇಸ್-3 ಅನ್ನೋ ಕತ್ತರಿಗಳನ್ನು ಬಿಚ್ಚುತ್ತೆ. ಕೋಶ ತನ್ನನ್ನು ತಾನೇ ಅಚ್ಚುಕಟ್ಟಾಗಿ ಕತ್ತರಿಸ್ಕೊಂಡು ಸಾಯುತ್ತೆ. ಕ್ಯಾಸ್ಪೇಸ್ ದಾರಿ ಮುಚ್ಚಿದ್ರೆ ಎಂಎಲ್‌ಕೆಎಲ್ ಅನ್ನೋದು ಕೋಶದ ಪೊರೆಗೇ ತೂತು ಹಾಕೋ ಮೂರನೇ ದಾರೀನೂ ಇದೆ. ಆಗ ಒಳಗಿನದೆಲ್ಲ ಹೊರಗೆ ಚೆಲ್ಲಿ ಇನ್ನಷ್ಟು ಮೈಕ್ರೋಗ್ಲಿಯಾ ಸಿಟ್ಟಾಗ್ತವೆ.

ಜೊತೆಗೆ ಸಿಟ್ಟಾದ ಮೈಕ್ರೋಗ್ಲಿಯಾ ಗ್ಲುಟಮೇಟ್ (ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸೋ ರಾಸಾಯನಿಕ) ಸುರಿಯುತ್ತೆ. ಗ್ಲುಟಮೇಟ್ ಹೆಚ್ಚಾದ್ರೆ ನರಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿ ಅದು ದಣಿದು ಸಾಯುತ್ತೆ.

ಹರಿಯಾಣದ ಮಾನೇಸರ್‌ನ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ಅನಿರ್ಬನ್ ಬಸು ಅವರ ತಂಡ 2007ರಲ್ಲಿ ಮಾಡಿದ ಕೆಲಸ ನೋಡಿ. ಜೆಇ ಸೋಂಕಿದ ಮೈಕ್ರೋಗ್ಲಿಯಾ ಬೆಳೆದ ದ್ರವವನ್ನು ತಗೊಂಡು ತಟ್ಟೆಯಲ್ಲಿನ ನರಕೋಶಗಳ ಮೇಲೆ ಹಾಕಿದ್ರು. ನರಕೋಶ ಸತ್ತವು. ಅಂದ್ರೆ ಆ ನರಕೋಶಗಳು ಮಾಡಿದ ತಪ್ಪು ಪಕ್ಕದಲ್ಲಿದ್ದದ್ದೇ.

ಹಾಗಾಗಿ ಬೇಲಿ ಹೊಲ ಮೇಯೋದಕ್ಕಿಂತ, ಕೊಯ್ಲಾದ ಮೇಲೆ ಕೂಳೆ ಸುಡೋಕೆ ಹಚ್ಚಿದ ಬೆಂಕಿ ಗಾಳಿಗೆ ಪಕ್ಕದ ಹೊಲಕ್ಕೆ ಹಾರಿದ್ದು ಅನ್ನೋದು ಹತ್ತಿರ.

ಎದುರುವಾದಿ

ಎಲ್ಲ ಸರಿ, ಆದ್ರೆ ಆ "ಅರ್ಧ" ಅನ್ನೋ ಲೆಕ್ಕ ಎಲ್ಲಿಂದ ಬಂತು? ವೈರಸ್ ತಾನೇ ನರಕೋಶ ಕೊಲ್ಲುತ್ತೆ. ಕೋಶದೊಳಗಿನ ಪೊರೆಗಳ ಮೇಲೆ ಕೂತು ಸಾವಿರಗಟ್ಟಲೆ ನಕಲು ಹೊಡೆದ್ರೆ ಅದು ಬದುಕುತ್ತಾ? ತಟ್ಟೆಯಲ್ಲಿ ನರಕೋಶ ಮಾತ್ರ ಇಟ್ಟು, ಒಂದೂ ಮೈಕ್ರೋಗ್ಲಿಯಾ ಇಲ್ಲದೆ ವೈರಸ್ ಹಾಕಿದ್ರೂ ಸಾಯ್ತವೆ. ಈಗಿನ ಫ್ಯಾಷನ್ ಏನಂದ್ರೆ ಏನೇ ಆದ್ರೂ "ಇನ್‌ಫ್ಲಮೇಶನ್" ಅಂದುಬಿಡೋದು. ಮಂಡಿ ನೋವಿಗೂ ಅದೇ, ಮರೆವಿಗೂ ಅದೇ.

ಲ್ಯಾಬಿಲಿ

ಒಪ್ಪಿದೆ, ನೇರ ಕೊಲೆ ಇದೆ. ನಾನು ಇಲ್ಲ ಅಂದಿಲ್ಲ. "ಅರ್ಧ" ಅನ್ನೋದು ಡಾಕ್ಟರ್ ಬಾಯಿಮಾತು, ಯಾರೂ ಒಂದೊಂದೇ ಕೋಶ ಎಣಿಸಿ ಇದು ವೈರಸ್ಸಿಂದು, ಇದು ಟಿಎನ್‌ಎಫ್‌ದು ಅಂತ ಬೇರೆ ಮಾಡೋಕಾಗಲ್ಲ. ಆದ್ರೆ ತಟ್ಟೆಯಲ್ಲಿ ಸತ್ತ್ರೆ ಮಿದುಳಲ್ಲೂ ಅಷ್ಟೇ ಅನ್ನೋದೂ ಅದೇ ತಪ್ಪು ಅಲ್ವಾ ಸಾರ್?

ಎದುರುವಾದಿ

ಸರಿ, 1-1.

ಅಮೃತಬಳ್ಳಿ_ಮನೆ

ಇಷ್ಟೆಲ್ಲಾ ತಲೆಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ರೋಗನಿರೋಧಕ ಶಕ್ತಿ ಕುಗ್ಗಿದ್ದರಿಂದ ಹೀಗಾಗಿದೆ. ಅಮೃತಬಳ್ಳಿ ಕಷಾಯ, ಜೊತೆಗೆ ಒಂದೆಲಗ, ಬೆಳಿಗ್ಗೆ ಖಾಲಿ ಹೊಟ್ಟೆಗೆ. ನಮ್ಮ ಅತ್ತಿಗೆಯ ಮಗನಿಗೆ ಡೆಂಗ್ಯೂ ಬಂದಾಗ...

ನೈಟ್‌ಡ್ಯೂಟಿ

ಅಮ್ಮಾ, ಮೇಲೆ ಓದಿದ್ರಾ? ಇಲ್ಲಿ ಶಕ್ತಿ ಕುಗ್ಗಿದ್ದು ಸಮಸ್ಯೆ ಅಲ್ಲ, ಕಟ್ಟು ಬಿಚ್ಚಿದ್ದು ಸಮಸ್ಯೆ. ಹೆಚ್ಚು ಮಾಡ್ತೀನಿ ಅಂತ ಹೊರಟ್ರೆ ಯಾವ ಕಡೆ ಹೆಚ್ಚು ಮಾಡ್ತೀರಿ? ಒಂದೆಲಗದ ತಂಬುಳಿ ಊಟಕ್ಕೆ ಚೆನ್ನಾಗಿರುತ್ತೆ, ಮಾಡಿ. ಅಮೃತಬಳ್ಳಿ ಮಾತ್ರ, ಫಿಟ್ಸ್ ಮಾತ್ರೆ ತಗೊಳ್ತಿರೋ ಮಗುವಿಗೆ ಬೇಡ. ಅದನ್ನು ತಗೊಂಡವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ರು.

ನಾನು ನ್ಯೂರಾಲಜಿ ರೆಸಿಡೆಂಟ್. ಡ್ಯೂಟಿ ಮುಗಿಸಿ ಬಂದು ಎಡದಂಡೆ ಅವರ ಎರಡನೇ ಪ್ರಶ್ನೆಗೆ ಬರೀತೀನಿ.

ಅಮೃತಬಳ್ಳಿ_ಮನೆ

ನಿಮಗೆ ಎಲ್ಲದರಲ್ಲೂ ಅಡ್ಡಪರಿಣಾಮ ಕಾಣುತ್ತದೆ, ನಿಮ್ಮ ಮಾತ್ರೆಯಲ್ಲಿ ಮಾತ್ರ ಕಾಣುವುದಿಲ್ಲ.

ನಿರ್ವಾಹಕ

ಮನೆಮದ್ದು ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಹೋಗಿ. ಔಷಧಿಯ ಪ್ರಮಾಣ ಯಾರೂ ಇಲ್ಲಿ ಬರೀಬೇಡಿ.

ಪದಕೋಶ

ವಿಷಯಾಂತರಕ್ಕೆ ಕ್ಷಮೆ ಇರಲಿ. "ಮೈಕ್ರೋಗ್ಲಿಯಾ"ಕ್ಕೆ ಕನ್ನಡ ಬೇಡವೇ? ಗ್ಲಿಯಾ ಎಂದರೆ ಗ್ರೀಕಿನಲ್ಲಿ ಅಂಟು. ನರಕೋಶಗಳನ್ನು ಹಿಡಿದಿಡುವ ಅಂಟು ಎಂದುಕೊಂಡು 19ನೇ ಶತಮಾನದಲ್ಲಿ ಜರ್ಮನಿಯ ವಿರ್ಕೋ ಆ ಹೆಸರಿಟ್ಟ. ಅದರಲ್ಲಿ ಈ ಸಣ್ಣವನ್ನು ಬೆಳ್ಳಿ ಲವಣದ ಬಣ್ಣ ಹಾಕಿ ಬೇರೆ ಮಾಡಿ ತೋರಿಸಿದವನು ಸ್ಪೇನಿನ ಪಿಯೋ ದೆಲ್ ರಿಯೋ ಓರ್ತೇಗಾ, 1919ರಲ್ಲಿ. ಹಾಗಾಗಿ "ಕಿರುಅಂಟುಕೋಶ" ಎಂದು ನನ್ನ ಸಲಹೆ.

ಗದ್ದೆಬದು

ಕಿರುಅಂಟುಕೋಶ ಅಂದ್ರೆ ಬೂಸ್ಟಿನ ಡಬ್ಬ ತಳದಲ್ಲಿ ಅಂಟ್ಕೊಂಡಿರೋದು ನೆನಪಾಗುತ್ತೆ ಸಾರ್ 😀

ಲ್ಯಾಬಿಲಿ

ಅಂಟೇ ಅಲ್ಲ ಅಂತ ಗೊತ್ತಾದ ಮೇಲೆ ಅಂಟು ಅಂತ ಅನುವಾದ ಯಾಕೆ ಸಾರ್? "ಕಾವಲುಕೋಶ" ಅಂತೀನಿ ನಾನು, ತರಗತಿಯಲ್ಲಿ ಮಕ್ಕಳಿಗೆ ಥಟ್ಟಂತ ಹತ್ತುತ್ತೆ.

ಪದಕೋಶ

ಕಾವಲುಕೋಶ ಎಂದರೆ ರಕ್ತದ ಬಿಳಿಕೋಶಕ್ಕೂ ಆಗುತ್ತದೆ. ಅತಿವ್ಯಾಪ್ತಿ ದೋಷ.

ನೈಟ್‌ಡ್ಯೂಟಿ

ಬಂದೆ. ಎಡದಂಡೆ ಸರ್, "ಗೊತ್ತಿದ್ರ ಯಾಕ ತಡೀಲಿಲ್ಲ" ಅಂದ್ರಲ್ಲ. ತಡೆಯೋಕೆ ನೋಡಿದ್ದಾರೆ, ಒಂದಲ್ಲ ಎರಡಲ್ಲ.

ಮೊದಲು ಯೋಚಿಸಿದ್ದು ಸ್ಟೀರಾಯ್ಡ್. ಉರಿಯೂತ ಅಂದ ಮೇಲೆ ಡೆಕ್ಸಾಮೆಥಾಸೋನ್ ಕೊಟ್ರೆ ಆಯ್ತಲ್ಲ ಅಂತ. ಥಾಯ್ಲೆಂಡಿನಲ್ಲಿ 65 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ್ರು, 1992ರಲ್ಲಿ ಪ್ರಕಟ ಆಯ್ತು. ಕೊಟ್ಟೋರಿಗೂ ಕೊಡದೋರಿಗೂ ವ್ಯತ್ಯಾಸ ಕಾಣಲಿಲ್ಲ.

ಆಮೇಲೆ ಉಲ್ಟಾ ಯೋಚನೆ: ಇಂಟರ್‌ಫೆರಾನ್ ವೈರಸ್ ತಡೆಯುತ್ತಲ್ಲ, ಹೊರಗಿಂದಲೇ ಕೊಡೋಣ. ವಿಯೆಟ್ನಾಂನ ಮಕ್ಕಳಲ್ಲಿ ನೋಡಿದ್ರು, 2003. ಅದೂ ಕೆಲಸ ಮಾಡಲಿಲ್ಲ.

ಮೂರನೇದು ನಮ್ಮ ದೇಶದ್ದು, ನನಗೆ ಹೆಚ್ಚು ಬೇಜಾರು ಮಾಡಿದ್ದು ಇದೇ. ಮಿನೋಸೈಕ್ಲಿನ್, ಮೊಡವೆಗೆ ಕೊಡೋ ಹಳೇ ಆ್ಯಂಟಿಬಯೋಟಿಕ್. ಅದು ಮೈಕ್ರೋಗ್ಲಿಯಾವನ್ನು ತಣ್ಣಗೆ ಮಾಡುತ್ತೆ. ಲ್ಯಾಬಿಲಿ ಹೇಳಿದ ಮಾನೇಸರ್ ತಂಡವೇ 2008ರಲ್ಲಿ ಜೆಇ ಸೋಂಕಿದ ಇಲಿಗಳಿಗೆ ಕೊಟ್ಟು ನೋಡಿತು. ಇಲಿಗಳು ಚೆನ್ನಾಗಿ ಬದುಕಿದ್ವು. ಅಗ್ಗದ ಔಷಧಿ, ಎಲ್ಲಾ ಕಡೆ ಸಿಗುತ್ತೆ, ಎಲ್ರಿಗೂ ಆಸೆ. ಲಕ್ನೋದಲ್ಲಿ ಸುಮಾರು 280 ಎನ್ಸೆಫಲೈಟಿಸ್ ರೋಗಿಗಳ ಮೇಲೆ ಪರೀಕ್ಷೆ ಆಯ್ತು. 2016ರಲ್ಲಿ ಫಲಿತಾಂಶ: ಒಟ್ಟಾರೆ ಸಾವಿನಲ್ಲಿ ನಂಬಬಹುದಾದಷ್ಟು ವ್ಯತ್ಯಾಸ ಇಲ್ಲ. ಮೊದಲ ದಿನ ದಾಟಿದವರಲ್ಲಿ ಮಾತ್ರ ಸ್ವಲ್ಪ ಒಳ್ಳೇ ಕಡೆ ವಾಲಿತ್ತು.

ಯಾಕೆ ಹೀಗೆ? ನನ್ನ ಪ್ರಕಾರ ಸಮಯ. ಇಲಿಗೆ ವೈರಸ್ ಚುಚ್ಚಿದ ಗಂಟೆ ನಮಗೆ ಗೊತ್ತು. ಮಗು ನಮ್ಮ ಕೈಗೆ ಬರೋದು ಫಿಟ್ಸ್ ಆದ ಮೇಲೆ. ಅಷ್ಟೊತ್ತಿಗೆ ಮಿದುಳಿನ ಆಳದ ಭಾಗಗಳಾದ ಥಲಾಮಸ್, ಬೇಸಲ್ ಗ್ಯಾಂಗ್ಲಿಯಾ, ಸಬ್‌ಸ್ಟ್ಯಾನ್ಷಿಯಾ ನೈಗ್ರಾ ಎಲ್ಲಾ ಸ್ಕ್ಯಾನಿನಲ್ಲಿ ಬೆಳ್ಳಗೆ ಹೊಳೀತಿರ್ತವೆ. ಈ ಕೊನೇದು ಪಾರ್ಕಿನ್ಸನ್ ರೋಗದಲ್ಲಿ ಹಾಳಾಗೋ ಜಾಗ. ನಿಮ್ಮ ಹುಡುಗನ ಗೊಂಬೆ ಮುಖ, ನಡುಕ, ನಿಧಾನ ಎಲ್ಲಾ ಅಲ್ಲಿಂದಲೇ. ಮಕ್ಕಳಲ್ಲಿ ಇದು ತಿಂಗಳುಗಟ್ಟಲೆ ನಿಧಾನಕ್ಕೆ ಸುಧಾರಿಸೋದನ್ನು ನೋಡಿದ್ದೀನಿ. ಫಿಸಿಯೋಥೆರಪಿ ಒಂದು ದಿನವೂ ಬಿಡಬೇಡಿ.

ಒಂದು ಕೇಳ್ಬೇಕು: ಮನೆಗೆ ಬಂದ ಮೇಲೆ ಸುಧಾರಿಸ್ತಾ ಇದ್ದು, ಆಮೇಲೆ ಹೊಸದಾಗಿ ಏನಾದ್ರೂ ಶುರುವಾಯ್ತಾ? ನಿದ್ದೆ ಇಲ್ಲದಿರೋದು, ಕೂಗಾಟ, ಬಾಯಿ-ನಾಲಿಗೆ ತಂತಾನೇ ಆಡೋದು? ಇದಕ್ಕೆ ಉತ್ತರ ತಪ್ಪದೆ ಬರೀರಿ.

ರೈನ್_ದಂಡೆ_ಕನ್ನಡಿಗ

ಜರ್ಮನಿಯಲ್ಲಿ ನರರೋಗದ ಔಷಧ ಕಂಪನಿಯೊಂದರಲ್ಲಿ ಕೆಲಸ. ಇಲ್ಲಿ ಎಲ್ಲರೂ "ಮೈಕ್ರೋಗ್ಲಿಯಾ ತಣ್ಣಗೆ ಮಾಡೋಣ" ಅಂತಿದ್ದೀರಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತೆಗೆದೇಬಿಟ್ಟರೆ?

ಅದೂ ಆಗಿದೆ. ಮೈಕ್ರೋಗ್ಲಿಯಾ ಬದುಕಿರಬೇಕಾದರೆ ಸಿಎಸ್‌ಎಫ್-1 ಅನ್ನೋ ಸಂಕೇತ ಸತತವಾಗಿ ಸಿಗ್ತಾ ಇರಬೇಕು. ಅದರ ಗ್ರಾಹಕವನ್ನು ಔಷಧದಿಂದ ಮುಚ್ಚಿದರೆ ಕೆಲವೇ ದಿನಗಳಲ್ಲಿ ಇಲಿಯ ಮಿದುಳಿನ ಬಹುಪಾಲು ಮೈಕ್ರೋಗ್ಲಿಯಾ ಮಾಯ. 2018ರಲ್ಲಿ ಕೊಲರಾಡೋದ ತಂಡ ಹಾಗೆ ಖಾಲಿ ಮಾಡಿ, ವೆಸ್ಟ್ ನೈಲ್ ವೈರಸ್ಸೂ ಜೆಇ ವೈರಸ್ಸೂ ಕೊಟ್ಟು ನೋಡಿತು. ಕಾವಲಿಲ್ಲದ ಮಿದುಳಲ್ಲಿ ವೈರಸ್ ಇನ್ನೂ ಹೆಚ್ಚಾಯ್ತು, ಸತ್ತ ಇಲಿಗಳೂ ಹೆಚ್ಚಾದವು.

ಅಂದರೆ "ನಮ್ಮದೇ ಕೋಶ ಕೊಂದಿತು" ಅನ್ನೋದು ಪೂರ್ತಿ ಕಥೆ ಅಲ್ಲ. ಅವು ಇಲ್ಲದಿದ್ದರೆ ಹುಡುಗ ಐಸಿಯು ದಾಟುತ್ತಲೇ ಇರಲಿಲ್ಲವೇನೋ.

ಎಡದಂಡೆ_ಕಾಲುವೆ

ಇದು! ಇದು ನನಗ ಥಟ್ಟನ ತಿಳೀತು ನೋಡ್ರಿ. ಭತ್ತಕ್ಕ ಕಂದು ಜಿಗಿಹುಳ ಬಿದ್ದಾಗ ರೈತರು ಬಂದು "ಸ್ಟ್ರಾಂಗ್ ಔಷಧ ಕೊಡು" ಅಂತಾರ. ಸಿಕ್ಕದ್ದು ಹೊಡದ್ರ ಗದ್ಯಾಗಿನ ಜೇಡ ಎಲ್ಲಾ ಸಾಯತಾವ. ಜಿಗಿಹುಳನ್ನ ತಿನ್ನೋದೇ ಆ ಜೇಡ. ಹದಿನೈದು ದಿನಕ್ಕ ಜಿಗಿಹುಳ ದುಪ್ಪಟ್ಟಾಗಿ, ಪೈರು ಸುಟ್ಟಂಗ ಆಗತೈತಿ. ಆಮ್ಯಾಲ ನನಗ ಬೈತಾರ, ನಿನ್ನ ಔಷಧ ಡೂಪ್ಲಿಕೇಟ್ ಅಂತ.

ಹಂಗಾದ್ರ ಜೇಡನ ಕೊಲ್ಲದ, ಬರೇ ಜಿಗಿಹುಳಕ್ಕ ಮುಟ್ಟೋ ಔಷಧ ಇಲ್ಲೇನು ಮಿದುಳಿಗೆ?

ಗದ್ದೆಬದು

ಎಡದಂಡೆ ಅಣ್ಣ, ನೀವು ಬಿ.ಕಾಂ ಅಂದ್ರೆ ನಾನು ನಂಬಲ್ಲ 👏

ಲ್ಯಾಬಿಲಿ

ನಮ್ಮ ಗೈಡ್‌ಗೆ ಈ ಜಿಗಿಹುಳದ ಉದಾಹರಣೆ ಹೇಳ್ತೀನಿ ನಾಳೆ.

ಹುಡುಕಾಟ ಅದೇ ದಿಕ್ಕಲ್ಲಿದೆ ಅಣ್ಣ. ಒಂದು ಚಂದದ ಕೆಲಸ: ಮೈಕ್ರೋಗ್ಲಿಯಾ ಮತ್ತು ರಕ್ತದಿಂದ ಬರೋ ಮ್ಯಾಕ್ರೋಫೇಜ್‌ಗಳ ಮೇಲೆ ಕ್ಲೆಕ್-5ಎ ಅನ್ನೋ ಗ್ರಾಹಕ ಇದೆ, ಜೆಇ ವೈರಸ್ ನೇರ ಅದಕ್ಕೆ ಅಂಟುತ್ತೆ. ಅದು ತನ್ನ ಒಳಗಿನ ಜೊತೆಗಾರ ಡ್ಯಾಪ್-12 ಮೂಲಕ ಉರಿಯೂತ ಎಬ್ಬಿಸುತ್ತೆ. ತೈವಾನಿನವರು 2012ರಲ್ಲಿ ಅದನ್ನೊಂದನ್ನೇ ಪ್ರತಿಕಾಯ (ಆ್ಯಂಟಿಬಾಡಿ) ಕೊಟ್ಟು ಮುಚ್ಚಿದ್ರು. ಉರಿಯೂತ ಇಳೀತು, ಇಲಿಗಳ ಸಾವೂ ಇಳೀತು. ಒಂದು ಬಾಗಿಲು ಹಾಕಿದ್ದು, ಮನೆ ಕೆಡವಿದ್ದಲ್ಲ. ಆದ್ರೆ ಇಲಿ ಇಲಿಯೇ, ಮನುಷ್ಯರಿಗೆ ಇನ್ನೂ ಬಂದಿಲ್ಲ.

ಡ್ಯಾಪ್-12 ಅಂದಾಗ ಒಂದು ಮಜಾ. ಅದೇ ಡ್ಯಾಪ್-12 ಮೇಲೆ ಟ್ರೆಮ್-2 ಅನ್ನೋ ಇನ್ನೊಂದು ಗ್ರಾಹಕವೂ ಸವಾರಿ ಮಾಡುತ್ತೆ. ಅದು ಕಸ ತಿನ್ನು, ಗುಡಿಸು ಅನ್ನೋ ಸಂಕೇತ. ಟ್ರೆಮ್-2 ಜೀನಿನ ಒಂದು ಅಪರೂಪದ ರೂಪ ಇದ್ದೋರಿಗೆ ಅಲ್ಜೈಮರ್ ಅಪಾಯ ಎರಡರಿಂದ ನಾಲ್ಕು ಪಟ್ಟು ಅಂತ 2013ರಲ್ಲಿ ಗೊತ್ತಾಯ್ತು. ತಂತಿ ಒಂದೇ. ಒಂದು ಗ್ರಾಹಕ ಕೂತ್ರೆ ಉರಿ, ಇನ್ನೊಂದು ಕೂತ್ರೆ ಪೊರಕೆ. ನನ್ನ ಥೀಸಿಸ್ಸಿನ ಅರ್ಧ ತಲೆನೋವು ಇದೇ.

ಕೋಲಾರದೋನು

ಅಲ್ಜೈಮರ್ ಅಂದ್ರಲ್ಲ, ಐಐಎಸ್ಸಿಯ ಮಿದುಳು ಸಂಶೋಧನಾ ಕೇಂದ್ರದೋರು ನಮ್ಮ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ವಯಸ್ಸಾದೋರ ನೆನಪಿನ ಶಕ್ತಿ ವರ್ಷವರ್ಷ ಪರೀಕ್ಷೆ ಮಾಡ್ತಾರೆ. ನಮ್ಮ ಅಜ್ಜಿನೂ ಹೋಗಿ ಬಂದವ್ರೆ. "ಇವತ್ತು ಯಾವ ವಾರ ಅಂತ ಕೇಳ್ತಾರೆ, ಸಂತೆ ದಿನ ಗೊತ್ತಿರಲ್ವೇನೋ ನಂಗೆ" ಅಂತ ಬೈಕೊಂಡ್ ಬಂದ್ರು.

ಜೆಇಗೂ ನಮ್ಮೂರಿಗೂ ನಂಟಿದೆ ಗೊತ್ತಾ? ಕೋಲಾರದ ರೋಗಿಯಿಂದ ಪುಣೆ ವೈರಾಣು ಸಂಸ್ಥೆಯೋರು ಬೇರೆ ಮಾಡಿದ ತಳಿಯಿಂದಲೇ ಜೆನ್‌ವ್ಯಾಕ್ ಲಸಿಕೆ ಮಾಡಿದ್ದು, 2013ರಲ್ಲಿ ಬಂತು. ಚಿನ್ನ ಮುಗೀತು, ವೈರಸ್ ತಳಿಯಾದ್ರೂ ನಮ್ಮ ಹೆಸರಲ್ಲಿದೆ.

ಗದ್ದೆಬದು

ಮಂಡ್ಯದೋನು ನಾನು, ನಮ್ಮಲ್ಲೂ ಈ ಜ್ವರ ಹಳೇ ನೆಂಟ. ಒಂದು ವಿಷ್ಯ ಎಲ್ರೂ ತಿಳ್ಕೊಳ್ಳಿ: ಇದು ಮನುಷ್ಯರಿಂದ ಮನುಷ್ಯರಿಗೆ ಬರಲ್ಲ. ಬೆಳ್ಳಕ್ಕಿ, ಬಕ, ಹಂದಿ, ಇವುಗಳಲ್ಲಿ ವೈರಸ್ ಬೆಳೆಯುತ್ತೆ. ನಿಂತ ನೀರಿನ ಗದ್ದೇಲಿ ಹುಟ್ಟೋ ಕ್ಯೂಲೆಕ್ಸ್ ಸೊಳ್ಳೆ ಅಲ್ಲಿಂದ ನಮಗೆ ತರುತ್ತೆ. ನಮ್ಮ ರಕ್ತದಲ್ಲಿ ಸೊಳ್ಳೆಗೆ ಹಿಂದಿರುಗಿಸೋವಷ್ಟು ವೈರಸ್ ಇರಲ್ಲ, ನಾವು ದಾರಿಯ ಕೊನೆ. ನಮ್ಮೂರಲ್ಲಿ ಒಂದು ಮಗೂಗೆ ಬಂದಾಗ ಆ ಮನೆಗೆ ಆರು ತಿಂಗಳು ಯಾರೂ ನೀರು ಕುಡಿಯೋಕೆ ಹೋಗಲಿಲ್ಲ. ನೆನೆಸ್ಕೊಂಡ್ರೆ ಈಗಲೂ ನಾಚಿಕೆ.

ಎದುರುವಾದಿ

ಹಂದಿ ಸಾಕೋರ ಮೇಲೆ ಗೂಬೆ ಕೂರಿಸಬೇಡಿ. ಊರೊಳಗೆ ಬಿಡಾಡಿ ತಿರುಗೋ ಹಂದಿ ಬೇರೆ, ಊರಾಚೆ ಸೊಳ್ಳೆಪರದೆ ಹಾಕಿ ಸಾಕೋದು ಬೇರೆ.

ಗದ್ದೆಬದು

ಯಾರ ಮೇಲೂ ಕೂರಿಸಿಲ್ಲ ಮಾರಾಯ್ರೆ, ಬೆಳ್ಳಕ್ಕಿ ಮೇಲೂ ಹೇಳಿದೀನಿ, ಅದನ್ನ ಯಾರು ಸಾಕ್ತಾರೆ?

ನೇತ್ರಾವತಿ_ತೀರ

ನಮ್ಮ ದಕ್ಷಿಣ ಕನ್ನಡದಲ್ಲಿ 2022ರ ಡಿಸೆಂಬರಿನಲ್ಲಿ ಶಾಲೆ ಶಾಲೆಗೆ ಬಂದು 1ರಿಂದ 15 ವರ್ಷದ ಮಕ್ಕಳಿಗೆಲ್ಲ ಜೆಇ ಲಸಿಕೆ ಕೊಟ್ಟರು. ಆಗ "ನಮ್ಮಲ್ಲಿ ಎಲ್ಲಿ ಉಂಟು ಆ ಜ್ವರ" ಎಂದು ಎಷ್ಟು ಜನ ಸಹಿ ಹಾಕಲಿಲ್ಲ! ನಾನು ಟೀಚರ್, ಮನೆ ಮನೆಗೆ ಹೋಗಿ ಮಾತಾಡಿ ಸಾಕಾಯ್ತು. ಎಡದಂಡೆಯವರೇ, ನಿಮ್ಮ ಹುಡುಗನಿಗೆ ಆಗಿತ್ತಾ?

ಎಡದಂಡೆ_ಕಾಲುವೆ

ಟೀಚರಮ್ಮ, ತಾಯಿ ಕಾರ್ಡ್ ತಗದು ನೋಡಿದ್ವಿ. ನಮ್ಮ ಜಿಲ್ಲಾದಾಗ ಮೊದಲಿಂದನ ಕೊಡ್ತಾರ. 9 ತಿಂಗಳಿಂದು ಆಗೈತಿ. ಎರಡನೇ ಡೋಸಿನ ಮನಿ ಖಾಲಿ ಐತಿ. ಆ ವರ್ಷ ಮಳಿ ಇಲ್ಲದ ಅಕ್ಕ-ಮಾವ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕ ಹೋಗಿದ್ರು, ಅಲ್ಲಿ ಯಾರು ಕೇಳ್ತಾರ. ಅಕ್ಕ ಆ ಕಾರ್ಡ್ ಹಿಡಕೊಂಡು ಎರಡು ದಿನ ಊಟ ಬಿಟ್ಟಳು. ನಾ ಆ ಖಾಲಿ ಮನಿ ನೋಡಬಾರದಿತ್ತು.

ನೈಟ್‌ಡ್ಯೂಟಿ ಡಾಕ್ಟ್ರ, ನಿಮ್ಮ ಪ್ರಶ್ನಿಗೆ. ಹೌದ್ರೀ. ಮೂರನೇ ವಾರದಾಗ ಕೈ ಹಿಡದು ಚಲೋ ನಡೀತಿದ್ದ, ಎರಡು ಮಾತು ಆಡ್ತಿದ್ದ. ಹೋದ ವಾರದಿಂದ ರಾತ್ರಿ ಕಣ್ಣು ಮುಚ್ಚಂಗಿಲ್ಲ, ಒದರತಾನ. ಬಾಯಿ ಎಲಿ ಅಡಿಕಿ ಜಗದಂಗ ಆಡಸ್ತಾನ, ಬಾಯಾಗ ಏನೂ ಇರಂಗಿಲ್ಲ. ಊರಾಗ ಎಲ್ಲಾರು ಗಾಳಿ ಬಡದೈತಿ ಅಂದು ಹುಲಿಗಿಗೆ ಕರ್ಕೊಂಡು ಹೋಗ್ರಿ ಅಂತಾರ.

ನೈಟ್‌ಡ್ಯೂಟಿ

ಹುಲಿಗೆಮ್ಮನ ದರ್ಶನಕ್ಕೆ ನಾನು ಅಡ್ಡ ಬರಲ್ಲ, ಆದ್ರೆ ಮೊದಲು ನ್ಯೂರಾಲಜಿಸ್ಟ್ ಹತ್ರ. ನಾಳೆಯೇ. ಈ ವಾರ ಅಲ್ಲ, ನಾಳೆ.

ಯಾಕೆ ಅಂತ ಹೇಳ್ತೀನಿ. ಮಿದುಳಿನ ಸೋಂಕು ಆದ ಕೆಲವು ವಾರಗಳ ನಂತರ ಕೆಲವು ಮಕ್ಕಳಲ್ಲಿ ಎರಡನೇ ಅಲೆ ಬರುತ್ತೆ. ಹರ್ಪಿಸ್ ಎನ್ಸೆಫಲೈಟಿಸ್ ಆದೋರಲ್ಲಿ ಸುಮಾರು ಕಾಲು ಭಾಗ ಜನಕ್ಕೆ ಹೀಗಾಗುತ್ತೆ ಅಂತ ಸ್ಪೇನಿನಲ್ಲಿ ನೋಡಿದ್ದಾರೆ. ಜೆಇ ಆದ ಮೇಲೂ ಆಗಿದ್ದು ವರದಿಯಾಗಿದೆ. ಇದು ವೈರಸ್ ಮರಳಿ ಬಂದಿದ್ದಲ್ಲ. ಸತ್ತ ನರಕೋಶದ ಚೂರುಗಳನ್ನು ನೋಡಿದ ಬಿ ಕೋಶಗಳು (ಪ್ರತಿಕಾಯ ತಯಾರಿಸೋ ರಕ್ಷಣಾ ಕೋಶ) ಎನ್‌ಎಂಡಿಎ ಗ್ರಾಹಕದ ವಿರುದ್ಧವೇ ಪ್ರತಿಕಾಯ ಮಾಡಿಬಿಡ್ತವೆ. ಲ್ಯಾಬಿಲಿ ಗ್ಲುಟಮೇಟ್ ಅಂದ್ರಲ್ಲ, ಅದು ಬಂದು ಕೂರೋ ಗ್ರಾಹಕಗಳಲ್ಲಿ ಇದೂ ಒಂದು.

ಇಲ್ಲಿ ನರಕೋಶ ಸಾಯಲ್ಲ. ಇದನ್ನು ಗಮನಿಸಿ. ಪ್ರತಿಕಾಯ ಅಂಟಿದ ಗ್ರಾಹಕವನ್ನು ಕೋಶ ಒಳಗೆ ಎಳ್ಕೊಳ್ಳುತ್ತೆ, ಅಷ್ಟೇ. ಅಂಗಡಿ ಸುಟ್ಟಿಲ್ಲ, ಶಟರ್ ಎಳೆದಿದೆ. ಪ್ರತಿಕಾಯ ಇಳಿಸಿದ್ರೆ ಶಟರ್ ಮೇಲೇಳುತ್ತೆ. ಸ್ಟೀರಾಯ್ಡ್, ಇಮ್ಯುನೋಗ್ಲೋಬ್ಯುಲಿನ್, ಪ್ಲಾಸ್ಮಾ ಬದಲಾವಣೆ, ಇಲ್ಲಿ ಇವು ಕೆಲಸ ಮಾಡ್ತವೆ. ಇವುಗಳಲ್ಲಿ ಸ್ಟೀರಾಯ್ಡ್, ಥಾಯ್ಲೆಂಡಿನಲ್ಲಿ ಸೋತ ಅದೇ ಜಾತಿಯ ಔಷಧಿ.

ಹೋದ ತಕ್ಷಣ ಹೀಗೆ ಹೇಳಿ: "ಜೆಇ ಆಗಿ ಸುಧಾರಿಸ್ತಿದ್ದ, ಈಗ ಹೊಸ ಲಕ್ಷಣ, ಎನ್‌ಎಂಡಿಎ ಗ್ರಾಹಕ ಪ್ರತಿಕಾಯ ನೋಡ್ತೀರಾ?" ಬೆನ್ನಿನ ನೀರು ಮತ್ತು ರಕ್ತ ಎರಡರಲ್ಲೂ. ಬಾಯಿ ಆಡಿಸೋದನ್ನು ಮೊಬೈಲಲ್ಲಿ ವಿಡಿಯೋ ಮಾಡ್ಕೊಂಡು ಹೋಗಿ. ನನ್ನ ಊಹೆ ತಪ್ಪಿರಬಹುದು, ಫಿಟ್ಸ್ ಮಾತ್ರೆಯಿಂದಲೂ, ಹಳೇ ಗಾಯದಿಂದಲೂ ಹೀಗಾಗಬಹುದು. ನೋಡದೆ ಮಾತ್ರ ಬಿಡಬಾರದು.

ರೈನ್_ದಂಡೆ_ಕನ್ನಡಿಗ

ಮೂರನೇ ಪ್ರಶ್ನೆ ಯಾರೂ ಮುಟ್ಟಲಿಲ್ಲ, "ಈಗಲೂ ಕೊಲ್ತಿದ್ದಾವಾ" ಅನ್ನೋದು. ಜೆಇಗೆ ನೇರ ಉತ್ತರ ನನ್ನ ಬಳಿ ಇಲ್ಲ. ಪಕ್ಕದ ಕಥೆ ಹೇಳ್ತೀನಿ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ಕಳ್ಳ ಹೆರಾಯಿನ್ ಚುಚ್ಚಿಕೊಂಡು ರಾತ್ರೋರಾತ್ರಿ ಪಾರ್ಕಿನ್ಸನ್ ರೋಗಿಗಳಂತೆ ಸೆಟೆದು ನಿಂತರು. ಅದರಲ್ಲಿ ಎಂಪಿಟಿಪಿ ಅನ್ನೋ ವಿಷ ಬೆರೆತಿತ್ತು. ವಿಷ ದೇಹದಲ್ಲಿ ಇದ್ದದ್ದು ಸ್ವಲ್ಪ ಹೊತ್ತು. ಅವರಲ್ಲಿ ಮೂವರು ಎಷ್ಟೋ ವರ್ಷಗಳ ನಂತರ ತೀರಿಕೊಂಡಾಗ ಮಿದುಳು ನೋಡಿದರೆ ಮೈಕ್ರೋಗ್ಲಿಯಾ ಇನ್ನೂ ಎಚ್ಚೆತ್ತೇ ಇದ್ದವು. 1999ರಲ್ಲಿ ಪ್ರಕಟವಾಯ್ತು. ಅವು ಅಲ್ಲಿ ಕೊಲ್ತಿದ್ದವಾ, ಗುಡಿಸ್ತಿದ್ದವಾ? ಅದರ ಮೇಲೆ ಇವತ್ತಿಗೂ ಜಗಳ.

ಎದುರುವಾದಿ

ಹಾಗಾದ್ರೆ ಅದನ್ನ ಎಡದಂಡೆಯವರಿಗೆ ಈಗ ಹೇಳೋದು ಬೇಕಿತ್ತಾ? ಮಗು ಇನ್ನೂ ಮಂಚದ ಮೇಲಿದೆ.

ರೈನ್_ದಂಡೆ_ಕನ್ನಡಿಗ

ಕೇಳಿದ್ದಕ್ಕೆ ಹೇಳಿದೆ. ಸರಿ, ಸಮಯ ನೋಡಬೇಕಿತ್ತು.

ಎಡದಂಡೆ_ಕಾಲುವೆ

ಏನೂ ಆಗಂಗಿಲ್ಲ ಬಿಡ್ರಿ ಸಾರ್, ಕೇಳಿದಾವ ನಾನ.

ಇವತ್ತು ಹೋಗಿ ಬಂದ್ವಿ. ವಿಡಿಯೋ ತೋರಿಸಿದ್ಯಾ, ಡಾಕ್ಟ್ರು ಎರಡು ಸಲ ನೋಡಿದ್ರು. ಟೆಸ್ಟಿನ ಹೆಸರು ಹೇಳಿದ ಕೂಡ್ಲೇ "ಯಾರು ಹೇಳಿದ್ರು ನಿಮಗ" ಅಂದ್ರು. ಒಬ್ರು ಪರಿಚಯದೋರು ಅಂದ್ಯಾ. ಅಡ್ಮಿಟ್ ಮಾಡ್ಕೊಂಡಾರ. ಮತ್ತ ಬೆನ್ನಾಗಿನ ನೀರು ತಗದ್ರು, ಸೂಜಿ ಚುಚ್ಚಿದಾಗ ಹುಡುಗ ಅತ್ತ. ಎಷ್ಟೋ ದಿನದ ಮ್ಯಾಲ ಮುಖದಾಗ ಅಳು ಕಾಣ್ತು, ಅಕ್ಕ ಅದನ್ನ ನೋಡಿ ನಕ್ಕಳು, ಆಮ್ಯಾಲ ಆಕಿನೂ ಅತ್ತಳು. ಸ್ಯಾಂಪಲ್ ಹೊರಗಿನ ಲ್ಯಾಬಿಗೆ ಹೋಗೈತಿ, ರಿಪೋರ್ಟಿಗೆ ವಾರ ಬೇಕಂತ. ಅಲ್ಲೀ ತನಕ ಕಾಯೋದು ಬ್ಯಾಡ ಅಂತ ಸ್ಟೀರಾಯ್ಡ್ ಇವತ್ತ ರಾತ್ರಿಗೇ ಶುರು ಮಾಡತಾರಂತ.

ಇನ್ನೊಂದು. ಅಕ್ಕಗ ಸಣ್ಣ ಹುಡುಗಿ ಒಬ್ಬಾಕಿ ಅದಾಳ, ಒಂದೂವರಿ ವರ್ಷ. ಅಕಿಗೆ ಎರಡನೇ ಡೋಸ್ ಯಾವಾಗ?

ನೇತ್ರಾವತಿ_ತೀರ

16ರಿಂದ 24 ತಿಂಗಳ ಒಳಗೆ. ಅಂದರೆ ಈಗಲೇ. ನಿಮ್ಮ ಆಶಾ ಕಾರ್ಯಕರ್ತೆಗೆ ಇವತ್ತೇ ಫೋನ್ ಮಾಡಿ, ಗುರುವಾರ ಅಂಗನವಾಡಿಯಲ್ಲಿ ಇರುತ್ತದೆ ಹೆಚ್ಚಾಗಿ.

ಎಡದಂಡೆ_ಕಾಲುವೆ

ಮಾಡಿದ್ಯಾ. ಗುರುವಾರ ನಾನ ಕರ್ಕೊಂಡು ಹೋಗತೀನಿ.

ನೈಟ್‌ಡ್ಯೂಟಿ

ರಿಪೋರ್ಟ್ ಏನೇ ಬರಲಿ, ಇದೇ ಎಳೆಯಲ್ಲಿ ಹಾಕಿ. ನಾನು ನೋಡ್ತಿರ್ತೀನಿ.

ಪದಕೋಶ

ಎಡದಂಡೆಯವರೇ, ನಮ್ಮೆಲ್ಲರ ಹಾರೈಕೆ ನಿಮ್ಮ ಹುಡುಗನ ಜೊತೆಗಿದೆ. (ಲ್ಯಾಬಿಲಿಯವರೇ, "ಮಿದುಳುಗಾವಲು" ಹೇಗೆ? ಅತಿವ್ಯಾಪ್ತಿ ಇಲ್ಲ.)

ಲ್ಯಾಬಿಲಿ

ಒಪ್ಪಿದೆ ಸಾರ್. ಥೀಸಿಸ್ಸಿನ ಕನ್ನಡ ಸಾರಾಂಶದಲ್ಲಿ ಅದನ್ನೇ ಹಾಕ್ತೀನಿ.